ನಿಂತ ಲಾರಿಗೆ ಮರುಜೀವ

ನಿಂತ ನೀರು ಕೊಳೆಯುತ್ತದೆಂಬುದು ನಮ್ಮ ಹಿರಿಯರ ಅನುಭವದ ಮಾತು. ಯಂತ್ರಗಳ ವಿಷಯದಲ್ಲಿಯೂ ಈ ಮಾತು ಅಷ್ಟೇ ನಿಜ. ದುಡಿಯುವ ಯಂತ್ರ ಸವೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಆದರೆ ವರ್ಷಗಟ್ಟಲೆ ಸುಮ್ಮನೆ ನಿಂತಿರುವ ಯಂತ್ರವೂ ಕೆಡುತ್ತದೆ, ಅದೂ ಹೊರಗಿನಿಂದ ನೋಡುವವನ ಕಣ್ಣಿಗೆ ಬೀಳದಂತೆ ಒಳಗೊಳಗೇ ಕೆಡುತ್ತದೆ ಎಂಬುದು ಅಷ್ಟು ಬೇಗ ನಮ್ಮ ಮನಸ್ಸಿಗೆ ಹೊಳೆಯುವುದಿಲ್ಲ. ಇದಕ್ಕೆ ಒಳ್ಳೆಯ ನಿದರ್ಶನವಾಗಿ ಸೇನೆಯ ಒಂದು ಹಳೆಯ ಲಾರಿಯನ್ನು ತೆಗೆದುಕೊಳ್ಳೋಣ. ಅದನ್ನು ಹರಾಜಿನಲ್ಲಿ ಕೊಂಡು ಮತ್ತೆ ರಸ್ತೆಗೆ ತರುವವನು ಶಾಲೆಯಲ್ಲಿ ಓದಿದ ಭೌತಶಾಸ್ತ್ರ ರಸಾಯನಶಾಸ್ತ್ರಗಳ ಅರ್ಧದಷ್ಟು ಪಾಠಗಳನ್ನು ಮತ್ತೊಮ್ಮೆ, ಈ ಸಲ ಕೈಗೆ ಎಣ್ಣೆ ಮೆತ್ತಿಸಿಕೊಂಡು, ಓದಬೇಕಾಗುತ್ತದೆ. ಪಾಠವನ್ನು ತಪ್ಪಾಗಿ ಓದಿದರೆ ಇಲ್ಲಿ ಕಳೆದುಹೋಗುವುದು ಅಂಕಗಳಲ್ಲ. ಕೆಲವೊಮ್ಮೆ ಪ್ರಾಣವೇ ಹೋಗಬಹುದು.

ಎರಡೂವರೆ ಟನ್ನಿನ ಲಾರಿ

ನಾವು ಆರಿಸಿಕೊಂಡಿರುವುದು ಅಮೆರಿಕದ ಸೇನೆಯ ಎಂ-೩೫ ಎಂಬ ಲಾರಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಆರು ಗಾಲಿಗಳಿಗೂ ಎಂಜಿನಿನ ಬಲ ದೊರೆಯುವಂಥ ಲಾರಿಗಳನ್ನು ಬಳಸಿತು. ಅವುಗಳಲ್ಲಿ ಜಿ.ಎಂ.ಸಿ. ಸಂಸ್ಥೆಯ ಲಾರಿಯೊಂದೇ ಐದು ಲಕ್ಷಕ್ಕೂ ಹೆಚ್ಚಾಗಿ ತಯಾರಾಯಿತು. ೧೯೪೪ರಲ್ಲಿ ಫ್ರಾನ್ಸಿನ ರಸ್ತೆಗಳಲ್ಲಿ ಹಗಲಿರುಳು ಓಡಿ ಮುಂಚೂಣಿಯ ಸೈನ್ಯಕ್ಕೆ ಪೆಟ್ರೋಲು, ಮದ್ದುಗುಂಡು, ಆಹಾರಗಳನ್ನು ಮುಟ್ಟಿಸಿದವು ಇಂಥ ಲಾರಿಗಳೇ. ಯುದ್ಧಾನಂತರ ಅವುಗಳ ಸ್ಥಾನಕ್ಕೆಂದು ಮಿಶಿಗನ್ ಪ್ರಾಂತದ ಲ್ಯಾನ್ಸಿಂಗ್ ನಗರದ ರಿಯೋ ಕಾರ್ಖಾನೆ ರೂಪಿಸಿದ ಲಾರಿಯೇ ಎಂ-೩೫. ೧೯೫೦ರ ಸುಮಾರಿಗೆ ಸೇನೆಯನ್ನು ಸೇರಿದ ಈ ಲಾರಿಯ ತಯಾರಿಕೆ, ಕಾರ್ಖಾನೆಗಳು ಬದಲಾದರೂ, ೧೯೮೦ರ ದಶಕದವರೆಗೆ ನಡೆಯಿತು.

ರಸ್ತೆಯಿಲ್ಲದ ನೆಲದಲ್ಲಿ ಎರಡೂವರೆ ಟನ್, ಒಳ್ಳೆಯ ರಸ್ತೆಯಲ್ಲಿ ಐದು ಟನ್ ಹೊರೆಯನ್ನು ಇದು ಹೊರಬಲ್ಲದು. ಬರಿಯ ಲಾರಿಯ ತೂಕವೇ ಸುಮಾರು ೬ ಟನ್. ಐದು ಗೇರುಗಳಿಗೆ ಎರಡು ವೇಗದ ಇನ್ನೊಂದು ಗೇರು ಪೆಟ್ಟಿಗೆ ಜೊತೆಗೂಡಿ ಮುಂದೆ ಸಾಗಲು ಹತ್ತು ಬಗೆಯ ವೇಗಗಳು ದೊರೆಯುತ್ತವೆ. ಗರಿಷ್ಠ ವೇಗ ಗಂಟೆಗೆ ೯೦ ಕಿಲೋಮೀಟರಿನಷ್ಟು. ೧೯೯೦ರ ದಶಕದಲ್ಲಿ ಹೊಸ ಲಾರಿಗಳು ಬರತೊಡಗಿದ ಮೇಲೆ ಹಳೆಯವನ್ನು ಸರ್ಕಾರ ಸಾವಿರಾರು ಸಂಖ್ಯೆಯಲ್ಲಿ ಮಾರಿಬಿಟ್ಟಿತು. ಅವುಗಳನ್ನು ಕೊಂಡವರಲ್ಲಿ ರೈತರೂ ಮರ ಸಾಗಿಸುವವರೂ ಹಳೆಯ ವಾಹನಗಳ ಪ್ರೇಮಿಗಳೂ ಇದ್ದಾರೆ. ಹಳ್ಳಿಗಾಡಿನ ಅನೇಕ ಅಗ್ನಿಶಾಮಕ ದಳಗಳಿಗೂ ಸರ್ಕಾರದ ಮೂಲಕವೇ ಇಂಥ ಲಾರಿಗಳು ದೊರೆತು, ಬೆನ್ನಿನ ಮೇಲೆ ನೀರಿನ ತೊಟ್ಟಿಯನ್ನು ಹೊತ್ತು ಕಾಡುಗಿಚ್ಚನ್ನು ಆರಿಸಲು ಹೋದವು.

ಹಲವು ಇಂಧನಗಳನ್ನು ಉಣ್ಣುವ ಎಂಜಿನು

ಈ ಲಾರಿಯ ಎಂ-೩೫ಎ೨ ಎಂಬ ಮಾದರಿಯಲ್ಲಿರುವ ಎಂಜಿನು ವಿಶೇಷವಾದುದು. ಯುದ್ಧಕಾಲದಲ್ಲಿ ಬೇಕಾದ ಇಂಧನವೇ ಬೇಕಾದ ಕಡೆ ಸಿಕ್ಕುವುದೆಂಬ ಭರವಸೆಯಿಲ್ಲ. ಆದುದರಿಂದ ಡೀಸೆಲ್, ಸೀಮೆಎಣ್ಣೆ, ಜೆಟ್ ವಿಮಾನದ ಇಂಧನ, ತೀರ ಅಗತ್ಯ ಬಿದ್ದರೆ ಪೆಟ್ರೋಲ್, ಇವುಗಳಲ್ಲಿ ಯಾವುದನ್ನು ಹಾಕಿದರೂ ಓಡುವಂಥ ಎಂಜಿನು ಸೇನೆಗೆ ಬೇಕಾಗಿತ್ತು.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಪಿಸ್ಟನ್ನು ಗಾಳಿಯನ್ನು ಒತ್ತಿದಾಗ ಆ ಗಾಳಿ ಕಾಯುತ್ತದೆ. ಕಾದ ಗಾಳಿಯೊಳಕ್ಕೆ ಚಿಮ್ಮಿದ ಇಂಧನ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ಕಂಡವರಿಗೆ ಇದು ಹೊಸತಲ್ಲ. ಈ ಲಾರಿಯ ಎಂಜಿನು ಗಾಳಿಯನ್ನು ಅದರ ಮೊದಲ ಗಾತ್ರದ ೨೨ನೆಯ ಒಂದು ಪಾಲಿಗೆ ಇಳಿಸುತ್ತದೆ. ಶಾಖ ಎಲ್ಲಿಯೂ ಸೋರಿಹೋಗದೆಂದು ಭಾವಿಸಿ ಲೆಕ್ಕ ಹಾಕಿದರೆ ಗಾಳಿಯ ಉಷ್ಣತೆ ೭೦೦ ಡಿಗ್ರಿ ಸೆಂಟಿಗ್ರೇಡನ್ನೂ ಮೀರಬೇಕು. ಸಿಲಿಂಡರಿನ ಗೋಡೆಗಳು ಶಾಖವನ್ನು ಹೀರುವುದರಿಂದ ನಿಜವಾಗಿ ದೊರೆಯುವುದು ಅದಕ್ಕಿಂತ ಕಡಿಮೆ. ಹಾಗಿದ್ದರೂ ಸುಲಭವಾಗಿ ಹೊತ್ತಿಕೊಳ್ಳದ ಇಂಧನವನ್ನು ಕೂಡ ಹೊತ್ತಿಸಲು ಅಷ್ಟು ಸಾಕು.

ಹೊತ್ತಿಸಿದರಷ್ಟೇ ಸಾಲದು, ಒಮ್ಮೆಗೇ ಸಿಡಿಯದಂತೆ ಉರಿಸಬೇಕು. ಇದಕ್ಕೆ ಜರ್ಮನಿಯ ಮ್ಯಾನ್ ಸಂಸ್ಥೆಯ ಡಾಕ್ಟರ್ ಮಾಯರರ್ ಅವರು ೧೯೫೦ರ ದಶಕದಲ್ಲಿ ಒಂದು ಉಪಾಯವನ್ನು ಕಂಡುಹಿಡಿದರು. ಪಿಸ್ಟನ್ನಿನ ತಲೆಯಲ್ಲಿ ಗುಂಡನೆಯ ಒಂದು ಕುಳಿಯನ್ನು ಮಾಡಿ, ಇಂಧನವನ್ನು ಆ ಕುಳಿಯ ಗೋಡೆಗೆ ತೆಳುವಾಗಿ ಬಳಿದಂತೆ ಚಿಮ್ಮಿಸುವುದೇ ಆ ಉಪಾಯ. ಸ್ವಲ್ಪ ಭಾಗ ಮಾತ್ರ ಗಾಳಿಯಲ್ಲಿ ಬೆರೆತು ಮೊದಲು ಹೊತ್ತಿಕೊಳ್ಳುತ್ತದೆ. ಉಳಿದುದು ಗೋಡೆಯಿಂದ ಸ್ವಲ್ಪಸ್ವಲ್ಪವಾಗಿ ಆವಿಯಾಗುತ್ತ, ಸುತ್ತುವ ಗಾಳಿಯೊಡನೆ ಸೇರಿ, ಕ್ರಮವಾಗಿ ಉರಿಯುತ್ತದೆ. ಹೀಗೆ ಉರಿಯುವ ಎಂಜಿನಿನ ಸದ್ದೂ ಕಡಿಮೆಯಾದುದರಿಂದ ಜರ್ಮನರು ಅದನ್ನು ‘ಪಿಸುಗುಟ್ಟುವ ಎಂಜಿನು’ ಎಂದು ಕರೆದರು. ಈ ತತ್ತ್ವವನ್ನೇ ಬಳಸಿ ಅಮೆರಿಕದ ಕಾಂಟಿನೆಂಟಲ್ ಸಂಸ್ಥೆ ಆರು ಸಿಲಿಂಡರುಗಳ, ಸುಮಾರು ೭.೮ ಲೀಟರ್ ಗಾತ್ರದ ಎಂಜಿನನ್ನು ರಚಿಸಿತು. ನಮ್ಮ ಸೇನೆಗಾಗಿ ಜಬಲ್ಪುರದಲ್ಲಿ ೧೯೫೯ರಲ್ಲಿ ತಯಾರಾಗತೊಡಗಿದ ‘ಶಕ್ತಿಮಾನ್’ ಲಾರಿಯೂ ಇದೇ ಮ್ಯಾನ್ ಸಂಸ್ಥೆಯ ಪರವಾನಗಿಯ ಮೇಲೆ ರೂಪುಗೊಂಡುದೆಂಬುದನ್ನು ಇಲ್ಲಿ ನೆನೆಯಬಹುದು.

ಕೊಳ್ಳುವ ಮುನ್ನ

ಸರ್ಕಾರದ ಹರಾಜಿನಲ್ಲಿ ವಸ್ತುವನ್ನು ‘ಇದ್ದಂತೆ, ಇದ್ದಲ್ಲಿ’ ಮಾರುತ್ತಾರೆ. ಕೊಂಡ ಮೇಲೆ ದೂರಿಗೆ ಎಡೆಯಿಲ್ಲ. ಲಾರಿ ಓಡುವುದೆಂಬ ಭರವಸೆಯೂ ಇಲ್ಲ. ಅದನ್ನು ಊರಿಗೆ ಸಾಗಿಸುವ ವೆಚ್ಚವೂ ಕೊಳ್ಳುವವನದೇ. ಅಮೆರಿಕದಲ್ಲಿ ಇಂಥ ವಾಹನದ ಒಡೆತನವನ್ನು ನೋಂದಾಯಿಸಲು ಸರ್ಕಾರ ಕೊಡುವ ೯೭ನೆಯ ನಮೂನೆಯ ಪತ್ರ ಅವಶ್ಯ. ಅದಿಲ್ಲದಿದ್ದರೆ ಕೊಂಡ ಲಾರಿ ರಸ್ತೆಗಿಳಿಯದೆ ಹೊಲದಲ್ಲಿಯೇ ಉಳಿದೀತು. ಆದುದರಿಂದ ಕಾಗದಪತ್ರಗಳನ್ನು ನೋಡುವುದು ಎಂಜಿನನ್ನು ನೋಡುವುದರಷ್ಟೇ ಮುಖ್ಯ.

ನೋಡಲು ಬಿಡುವ ದಿನ ಕೊಳ್ಳುವವನು ಬರಿಗೈಯಲ್ಲಿ ಹೋಗಬಾರದು. ಒಂದು ಟಾರ್ಚು, ಒಂದು ಹಳೆಯ ಬಟ್ಟೆ, ಒಂದು ಸಣ್ಣ ಸುತ್ತಿಗೆ ಜೊತೆಗಿರಲಿ. ಬಣ್ಣವನ್ನು ನೋಡಿ ಮರುಳಾಗದಿರಲಿ. ಹಸಿರು ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು. ಚಾಲಕನ ಪೀಠದ ಕೆಳಗಣ ತಗಡು, ಬಾಗಿಲುಗಳ ತಳ, ಚಾಸಿಯ ಅಡ್ಡಪಟ್ಟಿಗಳು ಕೂಡುವ ಮೂಲೆಗಳು, ಇಲ್ಲಿ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಒಳ್ಳೆಯ ಉಕ್ಕು ಗಂಟೆಯಂತೆ ದನಿಗೊಡುತ್ತದೆ, ತುಕ್ಕು ತಿಂದುದು ಮಂಕಾಗಿ ಸದ್ದು ಮಾಡುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹೆಚ್ಚುವುದರಿಂದ ಎರಡು ತಗಡುಗಳ ನಡುವೆ ಕೂತ ತುಕ್ಕು ಅವೆರಡನ್ನೂ ಉಬ್ಬಿಸಿ ದೂರ ತಳ್ಳುತ್ತದೆ. ಅಂಥ ಉಬ್ಬು ಕಂಡಲ್ಲಿ ಎಚ್ಚರಗೊಳ್ಳಬೇಕು.

ಬಳಿಕ ಎಣ್ಣೆಗಳ ಪರೀಕ್ಷೆ. ಎಂಜಿನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು ಬಟ್ಟೆಗೆ ಒರೆಸಿ ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಗುರುತಿಗಿಂತ ಮೇಲೆ ಏರಿ, ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ ಇಂಧನ ಒಳಕ್ಕೆ ಸೋರಿದೆ. ಎಣ್ಣೆ ಕಡಿಮೆಯಿರುವುದಷ್ಟೇ ದೋಷವೆಂದು ತಿಳಿದವನು, ಹೆಚ್ಚಿರುವ ಎಣ್ಣೆಯನ್ನು ಕಂಡು ಸಂತೋಷಪಟ್ಟು ಮೋಸಹೋಗುತ್ತಾನೆ. ಗೇರು ಪೆಟ್ಟಿಗೆಯ, ಅಚ್ಚುಗಳ ಎಣ್ಣೆಯನ್ನೂ ಇದೇ ರೀತಿ ನೋಡಬೇಕು. ನೀರಿನಲ್ಲಿ ಹಾದುಹೋಗಲೆಂದೇ ಮಾಡಿದ ಲಾರಿಯಾದರೂ, ಹಳೆಯ ಸೀಲುಗಳು ನೀರನ್ನು ಒಳಕ್ಕೆ ಬಿಟ್ಟಿರಬಹುದು.

ಕೊನೆಯದಾಗಿ, ಈ ಲಾರಿಗಾಗಿ ಸೇನೆ ಪ್ರಕಟಿಸಿದ ಕೈಪಿಡಿಗಳು, ಅಂದರೆ ಟಿ.ಎಂ. ೯-೨೩೨೦-೨೦೯ ಎಂಬ ಸಂಖ್ಯೆಯ ಮಾಲೆ, ಇಂದಿಗೂ ದೊರೆಯುತ್ತವೆ. ಹಿಂದೆಂದೂ ಸ್ಪ್ಯಾನರ್ ಹಿಡಿಯದ ಹದಿನೆಂಟು ವರ್ಷದ ಸೈನಿಕನಿಗೂ ಅರ್ಥವಾಗುವಂತೆ ಚಿತ್ರಸಹಿತವಾಗಿ ಬರೆದ ಆ ಪುಸ್ತಕಗಳನ್ನು ಲಾರಿಗಿಂತ ಮೊದಲೇ ಸಂಪಾದಿಸಿ ಓದುವುದು ಜಾಣತನ.

ಮೊದಲು ನಿಲ್ಲಿಸುವುದು, ಆಮೇಲೆ ಓಡಿಸುವುದು

ಲಾರಿ ಮನೆಗೆ ಬಂದ ದಿನ ಯಾರಿಗಾದರೂ ಆಗುವ ಮೊದಲ ಆಸೆ ಎಂಜಿನಿನ ಸದ್ದನ್ನು ಕೇಳಬೇಕೆಂಬುದು. ಈ ಆಸೆಯನ್ನು ಅದುಮಿಕೊಳ್ಳಬೇಕು. ಓಡದ ಲಾರಿ ಯಾರನ್ನೂ ಕೊಲ್ಲುವುದಿಲ್ಲ. ಓಡಬಲ್ಲ, ಆದರೆ ನಿಲ್ಲಲಾರದ ಲಾರಿ ಕೊಲ್ಲುತ್ತದೆ. ಆದುದರಿಂದ ಕೆಲಸ ಬ್ರೇಕಿನಿಂದಲೇ ಆರಂಭವಾಗತಕ್ಕದ್ದು.

ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಓಡುವ ೬ ಟನ್ ತೂಕದ ಲಾರಿಯ ಚಲನಶಕ್ತಿ ಎಷ್ಟು? ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು ೧೫ ಲಕ್ಷ ಜೂಲುಗಳಾಗುತ್ತವೆ. ನಾಲ್ಕೂವರೆ ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಶಾಖ ಇದು. ಲಾರಿಯನ್ನು ನಿಲ್ಲಿಸುವಾಗ ಈ ಶಾಖವೆಲ್ಲ ಕೆಲವೇ ಸೆಕೆಂಡುಗಳಲ್ಲಿ ಬ್ರೇಕಿನ ಡ್ರಮ್ಮುಗಳಲ್ಲಿ ಹುಟ್ಟುತ್ತದೆ. ವೇಗ ಅರ್ಧವಾದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಹಳೆಯ ಲಾರಿಯನ್ನು ನಿಧಾನವಾಗಿ ಓಡಿಸಬೇಕೆಂಬ ಹಿರಿಯರ ಬುದ್ಧಿವಾದದ ಹಿಂದೆ ಇರುವುದು ಇದೇ ಗಣಿತ.

ಕಾಲಿನ ಒತ್ತು ಗಾಲಿಗಳನ್ನು ಮುಟ್ಟುವುದು ಪ್ಯಾಸ್ಕಲನ ನಿಯಮದಂತೆ, ಕೊಳವೆಯಲ್ಲಿ ತುಂಬಿದ ದ್ರವದ ಮೂಲಕ. ಆರು ಟನ್ನಿನ ಲಾರಿಗೆ ಕಾಲಿನ ಬಲವೊಂದೇ ಸಾಲದು. ಎಂಜಿನು ಓಡುವಾಗ ಒಂದು ಸಂಪೀಡಕ ಗಾಳಿಯನ್ನು ತೊಟ್ಟಿಗಳಲ್ಲಿ ತುಂಬುತ್ತದೆ. ಆ ಗಾಳಿ ಬ್ರೇಕಿನ ದ್ರವವನ್ನು ಇನ್ನಷ್ಟು ಬಲವಾಗಿ ಒತ್ತಲು ನೆರವಾಗುತ್ತದೆ. ಈ ಏರ್ಪಾಡಿನಲ್ಲಿ ಒಂದು ದೊಡ್ಡ ಕೊರತೆಯಿದೆ. ಎಂ-೩೫ಎ೨ ಲಾರಿಯಲ್ಲಿ ಆರು ಗಾಲಿಗಳಿಗೂ ದ್ರವದ ಮಾರ್ಗ ಒಂದೇ. ಒಂದು ಗಾಲಿಯ ರಬ್ಬರು ಕೊಳವೆ ಒಡೆದರೂ ದ್ರವವೆಲ್ಲ ಅಲ್ಲಿಂದಲೇ ಹರಿದುಹೋಗಿ ಆರೂ ಗಾಲಿಗಳ ಬ್ರೇಕು ಒಟ್ಟಿಗೇ ಇಲ್ಲವಾಗುತ್ತದೆ. ಈ ಅಪಾಯವನ್ನು ಮನಗಂಡೇ ೧೯೬೮ರಿಂದ ಅಮೆರಿಕದ ಹೊಸ ಕಾರುಗಳಲ್ಲಿ ಎರಡು ಪ್ರತ್ಯೇಕ ಮಾರ್ಗಗಳಿರಬೇಕೆಂದು ಕಾನೂನು ವಿಧಿಸಲಾಯಿತು. ಸೇನೆಯ ಈ ಲಾರಿ ಅದಕ್ಕಿಂತ ಹಿಂದಿನ ವಿನ್ಯಾಸದ್ದು.

ನಿಂತ ಕಾಲದಲ್ಲಿ ಬ್ರೇಕಿಗೆ ಏನಾಗಿರುತ್ತದೆ? ಸಾಮಾನ್ಯ ಬ್ರೇಕಿನ ದ್ರವ ಗ್ಲೈಕಾಲ್ ಜಾತಿಯದು. ಅದಕ್ಕೆ ನೀರೆಂದರೆ ಬಹಳ ಒಲವು. ಗಾಳಿಯಲ್ಲಿರುವ ತೇವವನ್ನು ಸದಾ ಹೀರುತ್ತಿರುತ್ತದೆ. ಈ ನೀರು ಎರಡು ಕೇಡುಗಳನ್ನು ಮಾಡುತ್ತದೆ. ಒಂದು, ಉಕ್ಕಿನ ಕೊಳವೆಗಳನ್ನೂ ಗಾಲಿಯ ಬಳಿಯ ಸಿಲಿಂಡರುಗಳನ್ನೂ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಎರಡು, ದ್ರವದ ಕುದಿಬಿಂದುವನ್ನು ಇಳಿಸುತ್ತದೆ. ಸಾಧಾರಣ ದರ್ಜೆಯ ಹೊಸ ದ್ರವ ೨೦೫ ಡಿಗ್ರಿಯವರೆಗೂ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ದ್ರವಕ್ಕೆ ಆ ಮಿತಿ ೧೪೦ ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಬ್ರೇಕು ಕಾದು ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವ ಕುಗ್ಗದು, ಆದರೆ ಆವಿ ಕುಗ್ಗುತ್ತದೆ. ಕಾಲು ಎಷ್ಟು ಒತ್ತಿದರೂ ಆ ಬಲ ಗುಳ್ಳೆಗಳನ್ನು ಹಿಸುಕುವುದರಲ್ಲಿಯೇ ಕಳೆದುಹೋಗಿ ಗಾಲಿಗಳನ್ನು ಮುಟ್ಟುವುದಿಲ್ಲ. ಇದರಿಂದ ಪಾರಾಗಲೆಂದೇ ಅಮೆರಿಕದ ಸೇನೆ ಮುಂದೆ ನೀರನ್ನು ಹೀರದ ಸಿಲಿಕೋನ್ ದ್ರವಕ್ಕೆ ಬದಲಾಯಿಸಿಕೊಂಡಿತು. ಲಾರಿಯಲ್ಲಿರುವುದು ಯಾವ ದ್ರವವೆಂದು ತಿಳಿಯದೆ ಮೇಲಿಂದ ಮತ್ತೊಂದನ್ನು ಸುರಿಯುವುದು ತಪ್ಪು, ಇವೆರಡನ್ನೂ ಬೆರೆಸಬಾರದು.

ಆದುದರಿಂದ ಹಳೆಯ ದ್ರವವನ್ನೆಲ್ಲ ಹೊರಚೆಲ್ಲಿ, ಡ್ರಮ್ಮುಗಳನ್ನು ತೆಗೆದು, ಗಾಲಿಯ ಸಿಲಿಂಡರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. ರಬ್ಬರು ಕೊಳವೆಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ಮುಚ್ಚಿಕೊಂಡಿರಬಹುದು. ಅವುಗಳನ್ನು ಬದಲಾಯಿಸುವುದೇ ಲೇಸು. ಗಾಳಿಯ ತೊಟ್ಟಿಗಳ ತಳದ ತಿರುಪನ್ನು ಬಿಚ್ಚಿ ಕೂಡಿದ ನೀರನ್ನು ಹರಿಯಬಿಡಬೇಕು. ಕೈಬ್ರೇಕನ್ನೂ ಮರೆಯಬಾರದು. ಈ ಲಾರಿಯಲ್ಲಿ ಅದು ಗಾಲಿಗಳನ್ನು ಹಿಡಿಯದೆ, ಹಿಂದಿನ ಅಚ್ಚಿಗೆ ಹೋಗುವ ತಿರುಗುದಂಡವನ್ನು ಹಿಡಿಯುತ್ತದೆ. ಕಾಲಿನ ಬ್ರೇಕು ಕೈಕೊಟ್ಟ ದಿನ ಉಳಿಯುವ ಆಸರೆ ಅದೊಂದೇ.

ಎಂಜಿನನ್ನು ಎಬ್ಬಿಸುವ ಬಗೆ

ಈಗ ಎಂಜಿನಿನ ಸರದಿ. ಬಹುಕಾಲ ನಿಂತ ಎಂಜಿನಿನ ಗುಂಡಿಯನ್ನು ಒಮ್ಮೆಗೇ ಒತ್ತಬಾರದು. ತಲೆಯ ಗ್ಯಾಸ್ಕೆಟ್ ಸಡಿಲಗೊಂಡು ಸಿಲಿಂಡರಿನೊಳಕ್ಕೆ ನೀರು ಇಳಿದಿದ್ದರೆ, ಮೇಲೇರುವ ಪಿಸ್ಟನ್ನು ಆ ನೀರಿಗೆ ಹೋಗಿ ಬಡಿಯುತ್ತದೆ. ಗಾಳಿಯಾದರೆ ಕುಗ್ಗುತ್ತಿತ್ತು, ನೀರು ಕುಗ್ಗದು. ಆಗ ಬಾಗುವುದು ಪಿಸ್ಟನ್ನಿನ ದಂಡ. ಆದುದರಿಂದ ಇಂಧನ ಚಿಮ್ಮುವ ನಾಸಲುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಎಂಜಿನನ್ನು ಮೊದಲು ಸ್ಪ್ಯಾನರಿನಿಂದ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ನಾಲ್ಕು ಹಂತಗಳ ಎಂಜಿನಿನಲ್ಲಿ ಎಲ್ಲ ಸಿಲಿಂಡರುಗಳೂ ತಮ್ಮ ಕೆಲಸವನ್ನು ಒಮ್ಮೆ ಮುಗಿಸಲು ಬೇಕಾಗುವುದು ಎರಡು ಸುತ್ತು. ನೀರಿದ್ದರೆ ಆ ತೂತುಗಳಿಂದ ಹೊರಬೀಳುತ್ತದೆ. ತಿರುಗದೆ ಬಿಗಿದುಕೊಂಡಿದ್ದರೆ ಬಲವಂತ ಮಾಡದೆ, ಸಿಲಿಂಡರಿಗೆ ತೆಳುವಾದ ಎಣ್ಣೆಯನ್ನು ಬಿಟ್ಟು ಕೆಲವು ದಿನ ಕಾಯಬೇಕು. ಉಕ್ಕು ಅವಸರಕ್ಕೆ ಮಣಿಯುವುದಿಲ್ಲ.

ಸುಮಾರು ೨೦ ಲೀಟರಿನಷ್ಟು ಹಿಡಿಯುವ ಎಂಜಿನಿನ ಹಳೆಯ ಎಣ್ಣೆಯನ್ನು ಬಸಿದು, ಶೋಧಕಗಳನ್ನೂ ಬದಲಾಯಿಸಿ, ಹೊಸ ಎಣ್ಣೆಯನ್ನು ತುಂಬಬೇಕು. ಬಳಿಕ ಇಂಧನ. ತೊಟ್ಟಿಯಲ್ಲಿ ಉಳಿದ ಹಳೆಯ ಡೀಸೆಲಿನ ಅಡಿಯಲ್ಲಿ ನೀರು ಕೂಡಿರುತ್ತದೆ. ಆ ನೀರಿಗೂ ಡೀಸೆಲಿಗೂ ನಡುವಣ ಎಲ್ಲೆಯಲ್ಲಿ ಬೂಷ್ಟೂ ಬ್ಯಾಕ್ಟೀರಿಯಗಳೂ ನೆಲೆಸಿ, ಡೀಸೆಲನ್ನೇ ಆಹಾರವಾಗಿ ಮಾಡಿಕೊಂಡು, ಕಪ್ಪು ಲೋಳೆಯಾಗಿ ಬೆಳೆಯುತ್ತವೆ. ಒಂದು ಚಮಚದಷ್ಟು ಲೋಳೆ ಶೋಧಕವನ್ನು ಮುಚ್ಚಬಲ್ಲದು. ತೊಟ್ಟಿಯನ್ನು ಬರಿದುಮಾಡಿ ತೊಳೆದು, ಇಂಧನದ ಮೂರು ಶೋಧಕಗಳನ್ನೂ ಹೊಸದಾಗಿ ಹಾಕತಕ್ಕದ್ದು.

ಈ ಲಾರಿಯ ವಿದ್ಯುತ್ತು ೨೪ ವೋಲ್ಟಿನದು. ೧೨ ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಬಳಸದೆ ಬಿಟ್ಟ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಳಾಗಿ ಕೂರುತ್ತದೆ. ಅಂಥ ಬ್ಯಾಟರಿಗೆ ಎಷ್ಟು ವಿದ್ಯುತ್ತು ತುಂಬಿದರೂ ನಿಲ್ಲದು. ಒಂದು ಹಳೆಯದು ಒಂದು ಹೊಸದು ಎಂದು ಜೋಡಿಸುವುದೂ ಸರಿಯಲ್ಲ. ಸರಣಿಯಲ್ಲಿ ದುರ್ಬಲವಾದುದು ಬಲವಾದುದನ್ನೂ ಕೆಳಕ್ಕೆಳೆಯುತ್ತದೆ.

ಎಲ್ಲವೂ ಸಿದ್ಧವಾದ ಮೇಲೆ ನಾಸಲುಗಳನ್ನು ಮತ್ತೆ ಜೋಡಿಸಿ, ಗಾಲಿಗಳ ಹಿಂದುಮುಂದೆ ದಪ್ಪ ಮರದ ತುಂಡುಗಳನ್ನು ಅಡ್ಡ ಕೊಟ್ಟು, ಇಂಧನವನ್ನು ತಡೆಯುವ ಹಿಡಿಯನ್ನು ಎಳೆದಿಟ್ಟುಕೊಂಡೇ ಸ್ಟಾರ್ಟರನ್ನು ತಿರುಗಿಸಬೇಕು. ಒಂದು ಸಲಕ್ಕೆ ಅರ್ಧ ನಿಮಿಷ ಮೀರದಂತೆ, ನಡುವೆ ಬಿಡುವು ಕೊಟ್ಟು ಇದನ್ನು ಮಾಡಬೇಕು. ಹೀಗೇಕೆ? ನಿಂತ ಕಾಲದಲ್ಲಿ ಬೇರಿಂಗುಗಳ ನಡುವಣ ಎಣ್ಣೆಯ ಪೊರೆ ಇಳಿದುಹೋಗಿರುತ್ತದೆ. ಒಣ ಬೇರಿಂಗು ಪೂರ್ಣ ವೇಗದಲ್ಲಿ ತಿರುಗಿದರೆ ಲೋಹ ಲೋಹವನ್ನು ಉಜ್ಜುತ್ತದೆ. ಎಣ್ಣೆಯ ಒತ್ತಡ ತೋರುವ ಮುಳ್ಳು ಮೇಲೆದ್ದ ಮೇಲೆಯೇ ಇಂಧನವನ್ನು ಬಿಡಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆ ಅತ್ಯಾವಶ್ಯಕ. ಪೆಟ್ರೋಲ್ ಎಂಜಿನಿನ ಕಿಡಿಯನ್ನು ತಡೆದರೆ ಅದು ನಿಲ್ಲುತ್ತದೆ. ಡೀಸೆಲಿಗೆ ಕಿಡಿಯೇ ಇಲ್ಲ. ಇಂಧನವನ್ನು ತಡೆದರೆ ಮಾತ್ರ ನಿಲ್ಲುತ್ತದೆ. ಹಳೆಯ ಇಂಧನ ಅಂಟಾಗಿ ಪಂಪಿನ ಒಳಭಾಗ ಬಿಗಿದುಕೊಂಡಿದ್ದರೆ, ಹಿಡಿಯನ್ನು ಎಳೆದರೂ ಇಂಧನ ಹರಿಯುತ್ತಲೇ ಇದ್ದು, ಎಂಜಿನು ವೇಗದ ಮೇಲೆ ವೇಗವನ್ನು ಪಡೆದು ತನ್ನನ್ನು ತಾನೇ ಒಡೆದುಕೊಳ್ಳಬಹುದು. ಆಗ ಉಳಿಯುವ ದಾರಿಯೆಂದರೆ ಗಾಳಿಯನ್ನೇ ತಡೆಯುವುದು. ಮೊದಲ ಸಲ ಹೊತ್ತಿಸುವಾಗ ಗಾಳಿಯ ಶೋಧಕವನ್ನು ಕಳಚಿ, ಆ ಕೊಳವೆಯ ಬಾಯಿಯನ್ನು ಪೂರ್ತಿ ಮುಚ್ಚುವಂಥ ದಪ್ಪ ಹಲಗೆಯೊಂದನ್ನು ಹಿಡಿದು ಒಬ್ಬ ಸಹಾಯಕ ಪಕ್ಕದಲ್ಲಿ ನಿಂತಿರಬೇಕು. ಬರಿಗೈಯನ್ನು ಅಲ್ಲಿಗೆ ಒಡ್ಡಲೇಬಾರದು. ಹಲಗೆಯ ಅಗತ್ಯ ನೂರರಲ್ಲಿ ಒಂದು ಸಲ ಬೀಳಬಹುದು. ಆ ಒಂದು ಸಲ ಅದನ್ನು ಹುಡುಕಲು ಸಮಯವಿರುವುದಿಲ್ಲ.

ಗಾಲಿಯೊಳಗಿನ ಸಿಂಹ

ಲಾರಿಯಲ್ಲಿ ನೋಡಲು ಅತ್ಯಂತ ಸಾಧುವಾಗಿ ಕಾಣುವ ಭಾಗವೆಂದರೆ ಗಾಲಿ. ಆದರೆ ಅತ್ಯಂತ ಅಪಾಯಕಾರಿಯೂ ಅದೇ. ಈ ಲಾರಿಯ ಚಕ್ರದ ಮೇಲೆ ಟೈರನ್ನು ಹಿಡಿದಿಡುವುದು ಬಿಡಿಯಾದ ಒಂದು ಉಕ್ಕಿನ ಉಂಗುರ. ಟೈರಿನ ಪಕ್ಕದ ಗೋಡೆಯ ವಿಸ್ತಾರ ಸುಮಾರು ೯೦೦ ಚದರ ಅಂಗುಲ. ಗಾಳಿಯ ಒತ್ತಡ ಚದರ ಅಂಗುಲಕ್ಕೆ ೫೦ ಪೌಂಡಾದರೆ ಆ ಗೋಡೆಯನ್ನು ಹೊರಕ್ಕೆ ದೂಡುವ ಒಟ್ಟು ಬಲ ೪೫,೦೦೦ ಪೌಂಡು, ಅಂದರೆ ೨೦ ಟನ್ನಿನಷ್ಟು. ಇದರಲ್ಲಿ ದೊಡ್ಡದೊಂದು ಪಾಲನ್ನು ತಡೆಯಬೇಕಾದುದು ಆ ಉಂಗುರ. ತುಕ್ಕು ಹಿಡಿದು ಅದು ತನ್ನ ಗಾಡಿಯಲ್ಲಿ ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ತೋಪಿನ ಗುಂಡಿನಂತೆ ಹಾರುತ್ತದೆ. ಇದರಿಂದ ಸತ್ತವರು ಅನೇಕರು. ಆದುದರಿಂದ ಇಂಥ ಗಾಲಿಗೆ ಗಾಳಿ ತುಂಬುವಾಗ ಅದನ್ನು ಉಕ್ಕಿನ ಪಂಜರದೊಳಗಿಟ್ಟು, ಉದ್ದವಾದ ಕೊಳವೆಯಿಂದ ದೂರ ನಿಂತು ತುಂಬತಕ್ಕದ್ದೆಂದು ಅಮೆರಿಕದ ಕಾರ್ಮಿಕರ ಸುರಕ್ಷತೆಯ ನಿಯಮಗಳು ವಿಧಿಸುತ್ತವೆ. ಪಂಜರವಿಲ್ಲದವನು ಈ ಕೆಲಸವನ್ನು ಅದನ್ನು ಬಲ್ಲ ಅಂಗಡಿಗೆ ಒಪ್ಪಿಸಬೇಕು. ಇದು ಮನೆಯಂಗಳದಲ್ಲಿ ಕಲಿಯುವ ವಿದ್ಯೆಯಲ್ಲ.

ಟೈರಿನ ಹಲ್ಲುಗಳು ಸವೆಯದೆ ಹೊಸದರಂತಿದ್ದರೂ ನಂಬಬಾರದು. ಗಾಳಿಯಲ್ಲಿರುವ ಓಜೋನ್ ಅನಿಲ ರಬ್ಬರಿನ ಅಣುಸರಪಳಿಗಳನ್ನು ಕತ್ತರಿಸುತ್ತ ಬರುತ್ತದೆ. ಬಿಸಿಲು ಅದಕ್ಕೆ ನೆರವಾಗುತ್ತದೆ. ಪಕ್ಕದ ಗೋಡೆಯಲ್ಲಿ ಒಣಗಿದ ಕೆರೆಯಂಗಳದಂತೆ ಬಿರುಕುಗಳು ಮೂಡಿದ್ದರೆ ಟೈರಿನ ಆಯುಸ್ಸು ಮುಗಿದಿದೆ. ೨೦೦೦ದಿಂದೀಚಿನ ಟೈರುಗಳ ಮೇಲೆ ಅವು ತಯಾರಾದ ವಾರ, ವರ್ಷಗಳನ್ನು ನಾಲ್ಕು ಅಂಕೆಗಳಲ್ಲಿ ಒತ್ತಿರುತ್ತಾರೆ.

ಗಾಲಿಯ ನಟ್ಟನ್ನು ಬಿಚ್ಚುವಾಗ ಇನ್ನೊಂದು ವಿಚಿತ್ರ ಎದುರಾಗುತ್ತದೆ. ಬಲಬದಿಯ ನಟ್ಟುಗಳು ಎಂದಿನಂತೆ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ. ಎಡಬದಿಯವು ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ. ಗಾಲಿ ಮುಂದೆ ಉರುಳುವಾಗ ನಟ್ಟು ತಾನಾಗಿ ಸಡಿಲಗೊಳ್ಳಬಾರದೆಂದು ಎಡಬದಿಗೆ ಎಡಸುತ್ತಿನ ಮರೆಗಳನ್ನು ಕೊರೆದಿದ್ದಾರೆ. ಇದನ್ನರಿಯದವನು ನಟ್ಟು ತುಕ್ಕು ಹಿಡಿದಿದೆಯೆಂದು ಭಾವಿಸಿ, ಉದ್ದನೆಯ ಕೊಳವೆ ಹಾಕಿ ಬಲವಾಗಿ ತಿರುಗಿಸಿ, ಬೋಲ್ಟನ್ನೇ ಮುರಿಯುತ್ತಾನೆ.

ಮೊದಲ ಓಟ

ಎಂಜಿನು ಓಡತೊಡಗಿದ ಮೇಲೆ ಗಾಳಿಯ ತೊಟ್ಟಿಗಳು ತುಂಬುವವರೆಗೆ ಲಾರಿಯನ್ನು ಕದಲಿಸಬಾರದು. ಒತ್ತಡ ಚದರ ಅಂಗುಲಕ್ಕೆ ೬೦ ಪೌಂಡಿನ ಸುಮಾರಿಗೆ ಏರುವವರೆಗೆ ಎಚ್ಚರಿಕೆಯ ಸದ್ದು ಕೇಳುತ್ತಿರುತ್ತದೆ. ಆ ಸದ್ದು ಕಿವಿಗೆ ಕಿರಿಕಿರಿಯೆಂದು ಅದರ ತಂತಿಯನ್ನು ಕಿತ್ತವರ ಲಾರಿಗಳನ್ನೂ ಹರಾಜಿನಲ್ಲಿ ಕಾಣಬಹುದು; ಅದನ್ನು ಮೊದಲು ಸರಿಪಡಿಸಬೇಕು. ಎಂಜಿನನ್ನು ನಿಲ್ಲಿಸಿ ಒತ್ತಡದ ಮುಳ್ಳನ್ನು ಸ್ವಲ್ಪ ಹೊತ್ತು ನೋಡಿದರೆ ಗಾಳಿ ಸೋರುವುದು ತಿಳಿಯುತ್ತದೆ. ಸೋರುವ ಜಾಗವನ್ನು ಸಾಬೂನು ನೀರಿನ ಗುಳ್ಳೆಗಳೇ ತೋರಿಸಿಕೊಡುತ್ತವೆ.

ಅನಂತರ ಸಮತಲವಾದ ಬಯಲಿನಲ್ಲಿ, ಜನರೂ ದನಗಳೂ ಇಲ್ಲದ ಕಡೆ, ನಡೆಯುವಷ್ಟೇ ವೇಗದಲ್ಲಿ ಓಡಿಸಿ ನಿಲ್ಲಿಸಬೇಕು. ಮತ್ತೆ ಓಡಿಸಬೇಕು, ಮತ್ತೆ ನಿಲ್ಲಿಸಬೇಕು. ಲಾರಿ ಒಂದು ಪಕ್ಕಕ್ಕೆ ಎಳೆಯುತ್ತದೆಯೇ? ಪೆಡಲು ಮೆತ್ತಗಿದೆಯೇ? ಇಳಿದು ಗಾಲಿಯ ಡ್ರಮ್ಮುಗಳ ಬಳಿ ಕೈಯನ್ನು, ಮುಟ್ಟದಂತೆ, ಹಿಡಿದು ನೋಡಿದರೆ ಯಾವುದು ಹೆಚ್ಚು ಕಾದಿದೆ, ಯಾವುದು ತಣ್ಣಗಿದೆ ಎಂಬುದು ತಿಳಿಯುತ್ತದೆ. ಹೆಚ್ಚು ಕಾದುದು ಬಿಡದೆ ಉಜ್ಜುತ್ತಿದೆ. ತಣ್ಣಗಿರುವುದು ಕೆಲಸವನ್ನೇ ಮಾಡುತ್ತಿಲ್ಲ.

ಸೇನೆಯ ಕೈಪಿಡಿ ಚಾಲಕನಿಗೆ ಮೂರು ಪರೀಕ್ಷೆಗಳನ್ನು ವಿಧಿಸುತ್ತದೆ: ಹೊರಡುವ ಮುನ್ನ ಒಂದು, ಓಡುತ್ತಿರುವಾಗ ಒಂದು, ನಿಂತ ಬಳಿಕ ಒಂದು. ಎಣ್ಣೆ, ನೀರು, ಗಾಳಿ, ಸೋರಿಕೆ, ನಟ್ಟುಗಳು, ದೀಪಗಳು, ಹೀಗೆ ಪಟ್ಟಿಯಲ್ಲಿರುವುದನ್ನು ದಿನವೂ ಅದೇ ಕ್ರಮದಲ್ಲಿ ನೋಡಬೇಕು. ನಿನ್ನೆ ಸರಿಯಾಗಿತ್ತೆಂಬುದು ಇಂದು ನೋಡದಿರಲು ಕಾರಣವಾಗದು. ಹದಿನೆಂಟರ ಹುಡುಗರ ಕೈಯಲ್ಲಿ ಸಾವಿರಾರು ಲಾರಿಗಳು ದಶಕಗಳ ಕಾಲ ಬಾಳಿದುದಕ್ಕೆ ಉಕ್ಕಿನ ದಪ್ಪ ಎಷ್ಟು ಕಾರಣವೋ ಈ ಪಟ್ಟಿಯೂ ಅಷ್ಟೇ ಕಾರಣ.

ಹೀಗೆ ಎದ್ದ ಲಾರಿಯನ್ನು ಮತ್ತೆ ಮೂಲೆಯಲ್ಲಿ ನಿಲ್ಲಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ತಿಂಗಳಿಗೊಮ್ಮೆಯಾದರೂ ಎಂಜಿನು ಪೂರ್ತಿ ಕಾಯುವಷ್ಟು ದೂರ ಅದನ್ನು ಓಡಿಸಬೇಕು. ನಿಂತಲ್ಲೇ ಐದು ನಿಮಿಷ ಸದ್ದು ಮಾಡಿಸಿದರೆ ಸಾಲದು. ಇಂಧನ ಉರಿದು ಹುಟ್ಟಿದ ನೀರಿನಾವಿ ಎಂಜಿನಿನ ತಣ್ಣನೆಯ ಎಣ್ಣೆಯಲ್ಲಿಯೇ ಉಳಿದು ತುಕ್ಕಿಗೆ ದಾರಿಯಾಗುತ್ತದೆ. ಬೇರಿಂಗುಗಳಿಗೆ ಎಣ್ಣೆ ಹತ್ತಬೇಕು, ಬ್ಯಾಟರಿ ತುಂಬಬೇಕು, ಸೀಲುಗಳು ನೆನೆಯಬೇಕು, ಗಾಲಿಗಳು ಉರುಳಬೇಕು. ನಮ್ಮ ಊರುಗಳ ಶಾಲೆಯ ಹಿತ್ತಲಿನಲ್ಲಿ, ಸೊಸೈಟಿಯ ಶೆಡ್ಡಿನಲ್ಲಿ, ಹೊಲದ ಬದುವಿನಲ್ಲಿ ನಿಂತುಹೋದ ಟ್ರ್ಯಾಕ್ಟರು, ಪಂಪುಸೆಟ್ಟು, ಜೀಪುಗಳೆಷ್ಟೋ ಇವೆ. ಅವು ಸಣ್ಣವು, ಈ ಲಾರಿ ದೊಡ್ಡದು. ಆದರೆ ಅವುಗಳೊಳಗೆ ನಡೆಯುತ್ತಿರುವ ರಸಾಯನಕ್ರಿಯೆ ಒಂದೇ. ಅವುಗಳನ್ನು ಎಬ್ಬಿಸಹೊರಟವನು ಅನುಸರಿಸಬೇಕಾದ ಕ್ರಮವೂ ಒಂದೇ. ಮೊದಲು ಪುಸ್ತಕವನ್ನು ಓದಬೇಕು. ಬಳಿಕ, ನಿಂತ ಕಾಲದಲ್ಲಿ ಯಾವ ಭಾಗಕ್ಕೆ ಏನಾಗಿರಬಹುದೆಂದು ಒಂದೊಂದಾಗಿ ಕೇಳಿಕೊಳ್ಳಬೇಕು. ನಿಲ್ಲಿಸುವ ಸಾಧನ ಸರಿಯಾದ ಮೇಲೆ ಮಾತ್ರ ಓಡಿಸುವ ಸಾಧನಕ್ಕೆ ಕೈ ಹಚ್ಚಬೇಕು.